ಬಂಗಾರವಾದರೂ ಅಷ್ಟೇ, ಗೋಧಿಯಾದರೂ ಅಷ್ಟೇ

"ಲೋಲಕದ ಗುಂಡು ಕಬ್ಬಿಣದ್ದಾದರೆ ಬೇಗ ತೂಗಾಡುತ್ತದೆಯೋ, ಮರದ್ದಾದರೆ ಬೇಗವೋ?" ನಾನು ಭೌತವಿಜ್ಞಾನದ ಮೇಷ್ಟ್ರು ಎಂದು ಗೊತ್ತಾದ ಕೂಡಲೇ ಜನ ಕೇಳುವುದು ಇದನ್ನೇ. ಉತ್ತರ: ಎರಡೂ ಒಂದೇ. ದಾರದ ಉದ್ದ ಸಮನಾಗಿದ್ದು, ತೀರಾ ಅಗಲವಾಗಿ ಬೀಸದಿದ್ದರೆ, ಹೋಗಿ ಬರಲು ಹಿಡಿಯುವ ಸಮಯವೂ ಸಮ. ಒಂದು ಮೀಟರ್ ದಾರಕ್ಕೆ ಸುಮಾರು 2 ಸೆಕೆಂಡ್. ಎದ್ದು ಹೋಗುವವರು ಇಲ್ಲಿಗೇ ಹೋಗಬಹುದು.

ಯಾರೂ ಹೋಗುವುದಿಲ್ಲ. ಸಣ್ಣಗೆ ನಕ್ಕು, "ಅದು ಪುಸ್ತಕದ ಮಾತಾಯಿತು, ನಿಜವಾಗಿ?" ಎನ್ನುತ್ತಾರೆ. ಈ "ನಿಜವಾಗಿ" ಕೇಳಿದರೆ ನನಗೆ ಮೈ ಉರಿಯುತ್ತದೆ. ಪುಸ್ತಕ ಬರೆದವರು ಗುಂಡನ್ನೇ ಕಂಡಿರಲಿಲ್ಲವೇ? ಸೀಸದ ಗುಂಡನ್ನೂ, ಅದರ ನೂರನೇ ಒಂದು ಪಾಲು ತೂಕವೂ ಇಲ್ಲದ ಬೆಂಡಿನ ಗುಂಡನ್ನೂ ಸಮ ಉದ್ದದ ದಾರಗಳಿಗೆ ಕಟ್ಟಿ ಬಿಟ್ಟ ಪ್ರಯೋಗವನ್ನು ಗೆಲಿಲಿಯೋ 1638ರಲ್ಲೇ ಅಚ್ಚು ಹಾಕಿಸಿದ್ದ.

ನನ್ನ ಹೆಂಡತಿಯ ತಮ್ಮನಿಗೆ ಚಿನ್ನಬೆಳ್ಳಿ ಅಂಗಡಿ. ಒಂದು ಮದುವೆಯ ಪಂಕ್ತಿಯಲ್ಲಿ, ಸರಿಯಾಗಿ ಪಾಯಸ ಬಡಿಸುವ ಹೊತ್ತಿಗೆ, "ಭಾವ, ಸೀಸ, ಮರ ಎಲ್ಲ ಬಿಡಿ. ಬಂಗಾರದ್ದು ಬೇರೆ ಲೆಕ್ಕವಲ್ಲವೇ?" ಎಂದ. ಅಕ್ಕಪಕ್ಕದ ಎಲೆಯವರೆಲ್ಲ ತಲೆದೂಗಿದರು. ಲೋಹದ ವಿಷಯದಲ್ಲಿ ಅವನ ಮಾತಿಗೇ ಬೆಲೆ. ಪಾಯಸ ಆರಿದರೆ ಆರಲಿ ಎಂದು ನ್ಯೂಟನ್ನನನ್ನು ಕರೆತಂದೆ. ಅವನೂ ಬಂಗಾರವನ್ನು ಬಿಟ್ಟಿರಲಿಲ್ಲ. ಒಂದೇ ಅಳತೆಯ ಎರಡು ದುಂಡನೆಯ ಮರದ ಪೆಟ್ಟಿಗೆ, 11 ಅಡಿ ದಾರ. ಒಂದಕ್ಕೆ ಮರ ತುಂಬಿ, ಇನ್ನೊಂದರಲ್ಲಿ ಅಷ್ಟೇ ತೂಕದ ಬಂಗಾರವಿಟ್ಟು, ಜೊತೆಗೆ ತೂಗಾಡಲು ಬಿಟ್ಟ. ಹೊರಗಿನ ಪೆಟ್ಟಿಗೆ ಒಂದೇ ಆದ್ದರಿಂದ ಗಾಳಿಯ ತಡೆಯೂ ಒಂದೇ. ಜಾಣತನವೆಲ್ಲ ಇರುವುದು ಅಲ್ಲಿ. ಎರಡೂ ಬಹಳ ಹೊತ್ತು ಜೊತೆಯಾಗಿಯೇ ಹೋಗಿ ಬಂದವು. ಬೆಳ್ಳಿ, ಸೀಸ, ಗಾಜು, ಮರಳು, ಉಪ್ಪು, ನೀರು, ಗೋಧಿ, ಎಲ್ಲದರದ್ದೂ ಅದೇ ಕಥೆ. ಸಾವಿರದಲ್ಲಿ ಒಂದು ಪಾಲು ವ್ಯತ್ಯಾಸವಿದ್ದರೂ ಸಿಕ್ಕಿಬೀಳುತ್ತಿತ್ತು ಎಂದು 1687ರ ತನ್ನ 'ಪ್ರಿನ್ಸಿಪಿಯಾ' ಗ್ರಂಥದಲ್ಲಿ ಹೇಳಿದ್ದಾನೆ.

"ಗೋಧಿಯೂ ಬಂಗಾರವೂ ಒಂದೇ ಎಂದರೆ ಹೇಗೆ?" ಎಂದು ಭಾವಮೈದುನ ಗೊಣಗಿ, ಎಲೆಅಡಿಕೆಗೆ ಎದ್ದು ಹೋದ.

ಛೆ, ನಾನು ಕಾಯುತ್ತಿದ್ದ ಪ್ರಶ್ನೆ ಅದೇ! ಭಾರವಾದದ್ದನ್ನು ಭೂಮಿ ಹೆಚ್ಚು ಎಳೆಯುತ್ತದೆ; ಭಾರವಾದದ್ದು ಕದಲುವುದಕ್ಕೂ ಹೆಚ್ಚು ಮೊಂಡು. ಎರಡೂ ಸರಿಸಮವಾಗಿ ಹೆಚ್ಚುವುದರಿಂದಲೇ ತೂಗಾಟದ ಸಮಯ ಬದಲಾಗುವುದಿಲ್ಲ. ಈ ಎಳೆತ ಮತ್ತು ಮೊಂಡುತನ ಪ್ರತಿಯೊಂದು ವಸ್ತುವಿನಲ್ಲೂ ಒಂದೇ ಪ್ರಮಾಣದಲ್ಲಿ ಏಕಿರಬೇಕು? ನ್ಯೂಟನ್ನನ ನಿಯಮಗಳಲ್ಲಿ ಅದಕ್ಕೆ ಕಾರಣವಿಲ್ಲ. ನೋಡಿದ, ಹಾಗಿತ್ತು, ಒಪ್ಪಿಕೊಂಡ. ಪುಸ್ತಕದ ಮಾತಂತೆ! ಪುಸ್ತಕಕ್ಕೇ ಗೊತ್ತಿರದ ವಿಷಯವನ್ನು ಪೆಟ್ಟಿಗೆಗಳು ತೂಗಾಡಿ ಹೇಳಿದವು. ಇದು ಕಾಕತಾಳೀಯವಲ್ಲ ಎಂದು 1907ರಲ್ಲಿ ಹಟ ಹಿಡಿದು ಕುಳಿತ ಐನ್‌ಸ್ಟೈನ್, ಅಲ್ಲಿಂದಲೇ ಸಾಮಾನ್ಯ ಸಾಪೇಕ್ಷತೆಯ, ಅಂದರೆ ಗುರುತ್ವದ ಬಗೆಗಿನ ತನ್ನ ಹೊಸ ಸಿದ್ಧಾಂತದ, ದಾರಿ ಹಿಡಿದ.

ಹಾಗೆಂದು ವಸ್ತುವಿಗೆ ಏನೂ ಪಾತ್ರವಿಲ್ಲವೆಂದಲ್ಲ. ಬೆಂಡು ಗಾಳಿಗೆ ಸೋತು ಬೇಗ ನಿಲ್ಲುತ್ತದೆ. ಲೋಲಕದ ಗಡಿಯಾರದಲ್ಲಿ ಉಕ್ಕಿನ ಸರಳಿದ್ದರೆ ಸೆಕೆಯಲ್ಲಿ ಅದು ಹಿಗ್ಗಿ, ಒಂದು ಡಿಗ್ರಿ ಸೆಲ್ಸಿಯಸ್ ಏರಿದ್ದಕ್ಕೆ ದಿನಕ್ಕೆ ಸುಮಾರು ಅರ್ಧ ಸೆಕೆಂಡ್ ಹಿಂದೆ ಬೀಳುತ್ತದೆ. ಅದು ಗಾಳಿಯ, ಶಾಖದ ಕೆಲಸ. ಗುರುತ್ವದ ತಲೆಗೆ ಕಟ್ಟಬೇಡಿ.

ಇಷ್ಟಾದರೂ ಅನುಮಾನವಿದ್ದವರಿಗೆ: ಫ್ರಾನ್ಸಿನ 'ಮೈಕ್ರೊಸ್ಕೋಪ್' ಉಪಗ್ರಹ 2016ರಲ್ಲಿ ಮೇಲೇರಿ, ಪ್ಲಾಟಿನಮ್ ಮತ್ತು ಟೈಟಾನಿಯಮ್ ಮಿಶ್ರಲೋಹಗಳು ಭೂಮಿಯತ್ತ ಬೀಳುವ ಬಗೆಯನ್ನು ಹೋಲಿಸಿತು. 2022ರ ಅಂತಿಮ ಫಲಿತಾಂಶದ ಪ್ರಕಾರ, 1ರ ಮುಂದೆ 15 ಸೊನ್ನೆ ಹಾಕಿದಷ್ಟರಲ್ಲಿ ಕೆಲವೇ ಪಾಲಿನ ಮಟ್ಟಕ್ಕೆ ಇಳಿದು ಹುಡುಕಿದರೂ ವ್ಯತ್ಯಾಸ ಸಿಗಲಿಲ್ಲ. ಪ್ಲಾಟಿನಮ್ ಕೂಡ ಆಯಿತು. ಇನ್ನು ವಜ್ರವೆಂದು ಯಾರೂ ಬರಬೇಡಿ.