ಅಕ್ಕೋರು ಇರೋದು ಅದೇ ಊರಲ್ಲಿ

ಕುಮಟಾ ತಾಲೂಕಿನ ಘಟ್ಟದ ಬುಡದಲ್ಲಿ ಒಂದು ಊರು, ಅಲ್ಲಿ ಹದಿನಾರು ವರ್ಷದ ಹುಡುಗಿಗೆ ಮದುವೆ ನಿಕ್ಕಿ ಆಗಿದೆ ಅಂತ ಯಾರೋ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದ್ರಂತೆ, ಮನೆಯವ್ರ ಹತ್ರ ಮಾತಾಡಿ ಬನ್ನಿ ಅಂತ ಸಂಸ್ಥೆಯಿಂದ ನನ್ನ ಕಳಿಸಿದ್ರು, ಜೊತೆಗೆ ಆ ಊರಿನ ಅಂಗನವಾಡಿ ಅಕ್ಕೋರು. ಮನೆ ತೋಟದ ಒಳಗೆ, ರಸ್ತೆಗೆ ಕಾಣೋದೇ ಇಲ್ಲ.

ಮೊದಲು ಬೆಲ್ಲ ನೀರು ಕೊಟ್ಟು ಚೆನ್ನಾಗೇ ಮಾತಾಡಿಸಿದ್ರು. ಹುಡುಗಿಯ ಶಾಲೆ ಸರ್ಟಿಫಿಕೇಟ್ ನೋಡ್ಬಹುದಾ ಅಂತ ಕೇಳಿದ್ದೇ ತಡ, ಅವಳ ದೊಡ್ಡಪ್ಪ ಎದ್ದು ಹೋಗಿ ದಣಪೆ (ಬೇಲಿಯ ಗೇಟು) ಹಾಕಿ ಅಲ್ಲೇ ನಿಂತ್ರು, ಕೈಯಲ್ಲಿ ಸೊಪ್ಪು ಕಡಿಯೋ ಕತ್ತಿ. "ಎಂತಕ್ಕೆ ಬಂದದ್ದು ನೀವು? ನಮ್ಮನೆ ಮದುವೆ ನಿಮ್ಮತ್ರ ಕೇಳ್ಬೇಕಾ?" ಇನ್ನೊಬ್ರು ನನ್ನ ಫೈಲ್ ಕಿತ್ತು ಅಂಗಳದ ಕೆಸರಿಗೆ ಎಸೆದ್ರು, ಅಕ್ಕೋರ ಭುಜ ಹಿಡಿದು ನೂಕಿದ್ರು, ಅವ್ರು ಜಗಲಿ ಮೆಟ್ಟಿಲ ಮೇಲೇ ಬಿದ್ರು, ಬಳೆ ಒಡೆದು ಕೈಯೆಲ್ಲ ರಕ್ತ. ಪೊಲೀಸ್ರನ್ನ ಕರೆಯೋಕೆ 112ಕ್ಕೆ ಮಾಡೋಣ ಅಂದ್ರೆ ನೆಟ್‌ವರ್ಕ್ ಇಲ್ಲ. ರಸ್ತೆಲಿ ಕಾಯ್ತಿದ್ದ ರಿಕ್ಷಾದಣ್ಣ ಕೂಗಾಟ ಕೇಳಿ ಹಾರ್ನ್ ಹೊಡೀತಾ ಒಳಗೇ ಬಂದದ್ದಕ್ಕೆ ನಾವು ಹೊರಗೆ ಬಂದ್ವಿ. ಆಮೇಲೆ ಪೊಲೀಸ್ರ ಜೊತೆ ಅಧಿಕಾರಿಗಳು ಹೋದ್ರು, ಮದುವೆ ನಿಂತಿತು.

ಆದ್ರೆ ಆಫೀಸಲ್ಲಿ ಹೇಳಿದ್ದು, "ಫೀಲ್ಡ್ ಅಂದ್ಮೇಲೆ ಇದೆಲ್ಲ ಇದ್ದದ್ದೇ, ಕಂಪ್ಲೇಂಟ್ ಕೊಡೋದಾದ್ರೆ ನೀವೇ ಕೊಟ್ಕೊಳ್ಳಿ." ಅಕ್ಕೋರು ಕೊಡಲ್ಲ ಅಂದ್ರು. "ನೀ ಸಂಜೆ ಬಸ್ ಹತ್ತಿ ಹೋಗ್ತೆ ತಂಗಿ, ನಾ ನಾಳೆ ಅವ್ರ ಮನೆ ಎದ್ರೇ ಹಾಯ್ದು ಹೋಗ್ಬೇಕು." ಅವ್ರು ಕಂಪ್ಲೇಂಟ್ ಕೊಡದೇ ಇದ್ರೂ ಸುತ್ತಲಿನ ಕೆಲವು ಮನೆಯವ್ರು ಮಕ್ಕಳನ್ನ ಅಂಗನವಾಡಿಗೆ ಕಳ್ಸೋದೇ ನಿಲ್ಸಿದ್ರು.

ರಾಜಸ್ಥಾನದ ಭನ್ವಾರಿ ದೇವಿಯೂ ಹೀಗೇ ಅದೇ ಊರಲ್ಲಿ ಇದ್ಕೊಂಡು ಸರ್ಕಾರದ ಕಾರ್ಯಕ್ರಮಕ್ಕೆ ದುಡೀತಿದ್ದವ್ರು, ಬಾಲ್ಯವಿವಾಹ ತಡೆಯೋಕೆ ಹೋದದ್ದಕ್ಕೆ 1992ರಲ್ಲಿ ಅವರ ಮೇಲೆ ಸಾಮೂಹಿಕ ಅತ್ಯಾಚಾರ ಆಯ್ತು. ಅದರಿಂದಲೇ 1997ರಲ್ಲಿ ಕೆಲಸದ ಜಾಗದಲ್ಲಿ ಹೆಂಗಸರಿಗೆ ಆಗೋ ಲೈಂಗಿಕ ಕಿರುಕುಳ ತಡೆಯೋಕೆ ಸುಪ್ರೀಂ ಕೋರ್ಟಿನ ವಿಶಾಖಾ ತೀರ್ಪು, ಆಮೇಲೆ ಅದಕ್ಕೇ 2013ರ ಕಾಯ್ದೆ ಬಂತು, ಕೆಲಸದ ಮೇಲೆ ಹೋಗೋ ಜಾಗನೂ ಕೆಲಸದ ಜಾಗವೇ ಅಂತ ಅದರಲ್ಲಿ ಇದೆ. ಆದ್ರೆ ಅದು ಲೈಂಗಿಕ ಕಿರುಕುಳಕ್ಕೆ ಮಾತ್ರ, ಕತ್ತಿ ಹಿಡಿದು ಅಡ್ಡ ನಿಂತದ್ದಕ್ಕೆ ಅಲ್ಲ. ಡ್ಯೂಟಿಲಿದ್ದ ಸರ್ಕಾರಿ ನೌಕರರ ಮೇಲೆ ಕೈ ಮಾಡಿದ್ರೆ ಭಾರತೀಯ ನ್ಯಾಯ ಸಂಹಿತೆಯ 132ನೇ ಸೆಕ್ಷನ್ ಇದೆ, ನನ್ನಂಥ ಸಂಸ್ಥೆಯವ್ರು ಹೋದ್ರೆ "ನೀವು ಸರ್ಕಾರಿ ನೌಕರರಾ" ಅಂತಲೇ ಮೊದಲು ಕೇಳ್ತಾರೆ.

ಜಗಳ ಆಗೋ ಅಂದಾಜಿದ್ದ ಮನೆಗೆ ಮೊದಲ ಸಲವೇ ಪೊಲೀಸ್ರ ಜೊತೆ ಕಳಿಸ್ಬೇಕು, ಎಲ್ಲಿಗೆ ಹೋದದ್ದು ಎಷ್ಟೊತ್ತಿಗೆ ವಾಪಸ್ ಅಂತ ರಿಜಿಸ್ಟರಲ್ಲಿ ಬರೀಬೇಕು, ಹೊತ್ತಾದ್ರೂ ಬರ್ಲಿಲ್ಲ ಅಂದ್ರೆ ಆಫೀಸಿಂದಲೇ ವಿಚಾರಿಸ್ಬೇಕು, ಹಲ್ಲೆ ಆದ್ರೆ ಕಂಪ್ಲೇಂಟ್ ಸಂಸ್ಥೆ ಲೆಟರ್‌ಹೆಡ್ಡಲ್ಲೇ ಹೋಗ್ಬೇಕು, ಅಕ್ಕೋರ ಪರವಾಗಿ ಅವರ ಇಲಾಖೆ ಕೊಡ್ಬೇಕು. ಇಷ್ಟನ್ನ ಬರೆದು ಮೀಟಿಂಗಲ್ಲಿ ಇಟ್ಟಿದ್ದೀನಿ. ರಿಜಿಸ್ಟರ್ ಶುರು ಆಗಿದೆ. ಲೆಟರ್‌ಹೆಡ್ ವಿಷಯಕ್ಕೆ ಇನ್ನೂ ಯಾರೂ ಸಹಿ ಹಾಕಿಲ್ಲ, ಮುಂದಿನ ಮೀಟಿಂಗಲ್ಲಿ ಮತ್ತೆ ಕೇಳ್ತೀನಿ.