ಶ್ರಾವಣದ ಮಳೆ, ಒಣದ್ರಾಕ್ಷಿ ಮತ್ತು ನಮ್ಮ ಸುಕೇಳಿ

ಶಿರಸಿ, 10 ಆಗಸ್ಟ್ 2025, ಭಾನುವಾರ

ಅತ್ತಿಗೆಯ ರಕ್ತ ಪರೀಕ್ಷೆಯ ರಿಪೋರ್ಟ್ ಬಂತು. ಹಿಮೋಗ್ಲೋಬಿನ್ ಕಡಿಮೆ ಇದೆ. ಡಾಕ್ಟ್ರು ಕಬ್ಬಿಣದ ಮಾತ್ರೆ ಬರೆದುಕೊಟ್ಟಿದ್ದಾರೆ. ಆದರೆ ಸುದ್ದಿ ಕೇಳಿ ಫೋನ್ ಮಾಡಿದ ನೆಂಟರೆಲ್ಲ ಹೇಳಿದ್ದು ಒಂದೇ ಮಾತು: "ಮಾತ್ರೆ ಎಂತಕ್ಕೆ, ಉಷ್ಣ ಆಗ್ತದೆ, ದಿನಾ ಒಣದ್ರಾಕ್ಷಿ ನೆನೆಸಿ ತಿನ್ನು, ರಕ್ತ ತಾನಾಗೇ ಆಗ್ತದೆ." ಅತ್ತಿಗೆಗೂ ಅದೇ ಸರಿ ಅನ್ನಿಸಿಬಿಟ್ಟಿದೆ.

ಇವತ್ತು ಮಧ್ಯಾಹ್ನ ಊಟ ಆದಮೇಲೆ ಅವರ ಹತ್ತಿರ ಕೂತು ಲೆಕ್ಕ ಹೇಳಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದಲ್ಲಿ ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು, ಗಂಡಸರಿಗೆ 19. ಒಂದು ಮುಷ್ಟಿ, ಅಂದರೆ 30 ಗ್ರಾಂ ಒಣದ್ರಾಕ್ಷಿಯಲ್ಲಿ ಸಿಗುವುದು ಹೆಚ್ಚೆಂದರೆ ಒಂದೆರಡು ಮಿಲಿಗ್ರಾಂ. ಸರ್ಕಾರಿ ಆಸ್ಪತ್ರೆಯಲ್ಲಿ ಹೆಂಗಸರಿಗೆ ಕೊಡುವ ಕೆಂಪು ಮಾತ್ರೆ ಒಂದರಲ್ಲೇ 60 ಮಿಲಿಗ್ರಾಂ ಇರುತ್ತದೆ. "ದ್ರಾಕ್ಷಿ ತಿನ್ನಿ ಅತ್ತಿಗೆ, ಬೇಡ ಅನ್ನಲ್ಲ, ಆದರೆ ಮಾತ್ರೆ ಬಿಡಬೇಡಿ" ಅಂದೆ. ಜೊತೆಗೆ ಚಾ ಕುಡಿಯುತ್ತಾ ಮಾತ್ರೆ ನುಂಗಬಾರದು, ಚಾ ಕಾಫಿ ಎರಡೂ ಕಬ್ಬಿಣ ಮೈಗೆ ಹತ್ತದ ಹಾಗೆ ಮಾಡುತ್ತವೆ. ಲಿಂಬು, ನೆಲ್ಲಿಕಾಯಿ, ಪೇರಲೆ ಇಂಥದ್ದು ಜೊತೆಗಿದ್ದರೆ ಒಳ್ಳೆಯದು. ಹಣ್ಣು ಒಣಗಿಸುವಾಗ ವಿಟಮಿನ್ ಸಿ ಬಹುಪಾಲು ಹೋಗಿಬಿಡುತ್ತದೆ, ಹಾಗಾಗಿ ಒಣಹಣ್ಣು ತಿಂದೆ ಅಂತ ತಾಜಾ ಹಣ್ಣು ಬಿಡುವ ಹಾಗೂ ಇಲ್ಲ. ಅವರು ಸುಮ್ನೆ ಕೇಳಿಸಿಕೊಂಡರು. ರಾತ್ರಿ ಊಟದ ಹೊತ್ತಿಗೆ ಮಾತ್ರೆ ತಗೊಂಡರು, ಅಷ್ಟು ಸಾಕು ನನಗೆ.

ಹಾಗಂತ ಒಣಹಣ್ಣು ದಂಡ ಅಂತ ನಾನು ಹೇಳುತ್ತಿಲ್ಲ. ನನಗೆ ಅದು ದಿನದ ಊಟದಲ್ಲಿ ಬೇಕೇ ಬೇಕು. ಔಷಧ ಅಂತ ಅಲ್ಲ, ಸಕ್ಕರೆ ಮತ್ತು ಬೇಕರಿ ತಿಂಡಿಯ ಜಾಗಕ್ಕೆ. ಸುಮಾರು 4 ಕೆಜಿ ದ್ರಾಕ್ಷಿ ಒಣಗಿದರೆ 1 ಕೆಜಿ ಒಣದ್ರಾಕ್ಷಿ. ಹೋದದ್ದು ಹೆಚ್ಚಾಗಿ ನೀರು, ಸಿಹಿ, ನಾರು, ಪೊಟ್ಯಾಸಿಯಂ ಎಲ್ಲ ಅಲ್ಲೇ ಒತ್ತಾಗಿ ಉಳಿಯಿತು. 100 ಗ್ರಾಂಗೆ ಸುಮಾರು 300 ಕ್ಯಾಲೊರಿ. ಅದಕ್ಕೇ ಟಿವಿ ನೋಡುತ್ತಾ ಡಬ್ಬದಿಂದ ತೆಗೆದು ತೆಗೆದು ತಿನ್ನುವ ವಸ್ತು ಅಲ್ಲ ಇದು, ಮುಷ್ಟಿಯಲ್ಲಿ ಅಳೆದು ಬಟ್ಟಲಿಗೆ ಹಾಕಿಕೊಂಡು ಡಬ್ಬ ಮುಚ್ಚಿ ಒಳಗಿಡಬೇಕು. ಬೆಳಿಗ್ಗೆ ಮೊಸರವಲಕ್ಕಿಗೆ ಸಕ್ಕರೆ ಬದಲು ದ್ರಾಕ್ಷಿ. ರಾಗಿ ಅಂಬಲಿಗೆ ಬೆಲ್ಲದ ಬದಲು ಒಂದು ಖರ್ಜೂರ ಕಿವುಚಿ ಹಾಕುತ್ತೇನೆ. ಹೊಟ್ಟೆ ಕಟ್ಟಿದವರಿಗೆ ಒಣ ಅಂಜೂರ ನಿಜಕ್ಕೂ ಒಳ್ಳೆಯದು, 100 ಗ್ರಾಂಗೆ ಹತ್ತಿರ ಹತ್ತಿರ 10 ಗ್ರಾಂ ನಾರಿದೆ. ಜೊತೆಗೆ ನಾಲ್ಕು ಗೇರುಬೀಜ ಇದ್ದರೆ ಇನ್ನೂ ಚಲೋ, ಬೇಗ ಹಸಿವಾಗುವುದಿಲ್ಲ.

ಸಂಜೆ ಆಸರಿಗೆ, ಅಂದರೆ ಚಾ ಹೊತ್ತಿನ ತಿಂಡಿಗೆ, ಮಾತ್ರ ಸುಕೇಳಿಯೇ (ಒಣಗಿಸಿದ ಬಾಳೆಹಣ್ಣು) ಆಗಬೇಕು. ಯಲ್ಲಾಪುರದ ಮಾವನ ಮನೆಯಿಂದ ಬೇಸಿಗೆಯಲ್ಲಿ ಬಂದದ್ದು ಇನ್ನೂ ಒಂದಿಷ್ಟು ಫ್ರಿಜ್ಜಿನಲ್ಲಿದೆ. ಕಳಿತ ಬಾಳೆಹಣ್ಣಿನ ಸಿಪ್ಪೆ ಸುಲಿದು ಬಿಸಿಲಿಗೆ ಹಾಕಿದ್ದು, ಬೇರೆ ಏನೂ ಸೇರಿಸಿಲ್ಲ. ಬೆರಳುದ್ದಕ್ಕೆ ಮುದುಡಿ, ಕಾಫಿ ಬಣ್ಣಕ್ಕೆ ತಿರುಗಿ, ಮೇಲೆ ಸಣ್ಣ ಸಣ್ಣ ಸುಕ್ಕು. ಹಿಡಿದರೆ ಬೆರಳಿಗೆ ಅಂಟು. ಎಳೆದು ಹರಿದರೆ ಒಳಗೆ ಕೆಂಪು, ನಡುವೆ ಸಾಸಿವೆಗಿಂತ ಸಣ್ಣ ಕಪ್ಪು ಬೀಜದ ಸಾಲು. ಅಗಿಯುತ್ತಾ ಹೋದ ಹಾಗೆ ಜೇನಿನಂಥ ಸಿಹಿ ಬಿಡುತ್ತದೆ, ಕೊನೆಗೆ ಎಲ್ಲೋ ಒಂದು ಚೂರು ಹುಳಿ. ಎರಡು ತಿಂದರೆ ಟೋಸ್ಟು, ಖಾರಿ ಯಾವುದೂ ನೆನಪಾಗುವುದಿಲ್ಲ. ದೂರದ ಊರಿನ ಕ್ರ್ಯಾನ್‌ಬೆರಿಗೆ ದುಡ್ಡು ಸುರಿಯುವ ನಮ್ಮ ಜನ ಮನೆ ಹಿತ್ತಲ ಬಾಳೆಗೊನೆ ಕೊಳೆಯಲು ಬಿಡುತ್ತಾರಲ್ಲ, ಅದು ನೋಡಿದರೆ ನನಗೆ ನಿಜವಾಗಿ ಬೇಜಾರಾಗುತ್ತದೆ.

ಅಂಗಡಿಯಲ್ಲಿ ಬಣ್ಣಬಣ್ಣದ ಪ್ಯಾಕೆಟ್ ತಗೊಳ್ಳುವಾಗ ಹಿಂದೆ ಬರೆದದ್ದನ್ನು ಓದಿ. ಒಣ ಅನಾನಸ್, ಕಿವಿ, ಕ್ರ್ಯಾನ್‌ಬೆರಿ ಬಹಳಷ್ಟು ಸಲ ಸಕ್ಕರೆ ಪಾಕದಲ್ಲಿ ಅದ್ದಿ ಒಣಗಿಸಿದ್ದು. ಟೂಟಿ ಫ್ರೂಟಿ ಅಂತೂ ಪಪ್ಪಾಯಿ ಕಾಯಿಗೆ ಪಾಕ ಕುಡಿಸಿದ್ದು, ಅದನ್ನು ಹಣ್ಣಿನ ಲೆಕ್ಕಕ್ಕೆ ಹಿಡಿಯಬೇಡಿ. ಹೊಳೆಯುವ ಕಿತ್ತಳೆ ಬಣ್ಣದ ಏಪ್ರಿಕಾಟ್‌ಗೆ ಸಲ್ಫರ್ ಡೈಆಕ್ಸೈಡ್ ಹಾಕಿರುತ್ತಾರೆ, ಪ್ಯಾಕೆಟ್ ಮೇಲೆ ಅದರ ಗುರುತಿನ ನಂಬರು 220 ಅಂತ ಇರುತ್ತದೆ. ಹಾಕದೇ ಇದ್ದದ್ದು ಕಂದು ಬಣ್ಣ. ಅಸ್ತಮಾ ಇದ್ದವರು ಇದನ್ನು ನೋಡಿಕೊಳ್ಳಲೇಬೇಕು, ಕೆಲವರಿಗೆ ಅದರಿಂದ ಉಬ್ಬಸ ಬರುತ್ತದೆ.

ಅಪ್ಪನಿಗೆ ಶುಗರ್ ಇದೆ. ಅವರಿಗೆ ದಿನಕ್ಕೆ ಒಂದು ಖರ್ಜೂರ, ಅದೂ ಊಟದ ಜೊತೆ, ಅನ್ನ ಒಂದು ತುತ್ತು ಕಡಿಮೆ ಮಾಡಿ. ಡಾಕ್ಟ್ರ ಹತ್ತಿರ ಕೇಳಿಯೇ ಮಾಡಿದ್ದು. ಕಿಡ್ನಿ ತೊಂದರೆ ಇದ್ದವರಂತೂ ಕೇಳದೆ ಮುಟ್ಟಬಾರದು, ಪೊಟ್ಯಾಸಿಯಂ ಜಾಸ್ತಿ. ಮಕ್ಕಳ ಡಬ್ಬಿಗೆ ಹಾಕಿದರೆ ತಿಂದಮೇಲೆ ಬಾಯಿ ಮುಕ್ಕಳಿಸಲು ಹೇಳಿ, ಹಲ್ಲಿಗೆ ಅಂಟಿ ಕೂತರೆ ಹುಳುಕು ಬೇಗ.

ಇನ್ನು ಈ ಮಳೆ. ನಮ್ಮಲ್ಲಿ ಶ್ರಾವಣದಲ್ಲಿ ಉಪ್ಪೇ ನೀರಾಗುತ್ತದೆ, ದ್ರಾಕ್ಷಿ ಬಿಡುತ್ತದೆಯೇ? ಇವತ್ತು ಡಬ್ಬ ತೆಗೆದು ಎಲ್ಲ ಸ್ಟೀಲ್ ತಟ್ಟೆಗೆ ಸುರಿದು ಆರಿಸಿದೆ. ಹುಳಿ ವಾಸನೆ, ಬಿಳಿ ಬೂಸ್ಟು, ಹುಳದ ನೂಲು ಮೂರನ್ನೂ ನೋಡಬೇಕು, ಬೂಸ್ಟು ಕಂಡರೆ ಅಷ್ಟನ್ನೂ ಎಸೆಯಬೇಕು, ತೊಳೆದು ತಿನ್ನುವ ಹಾಗಿಲ್ಲ. ನಮ್ಮದು ಸರಿ ಇತ್ತು. ಗಾಜಿನ ಬಾಟಲಿಗೆ ತುಂಬಿ ಫ್ರಿಜ್ಜಿಗೆ ಇಟ್ಟೆ. ಚೌತಿ ಪಾಯಸಕ್ಕೆ ಅಂತ ಆಯಿ ಎರಡು ಕೆಜಿ ದ್ರಾಕ್ಷಿ ತರಿಸುವ ಯೋಚನೆಯಲ್ಲಿದ್ದಳು. ಕಾಲು ಕೆಜಿ ತರೋಣ, ಖರ್ಚಾದ ಮೇಲೆ ಇನ್ನೊಂದು ಕಾಲು ಕೆಜಿ, ಅಂತ ಒಪ್ಪಿಸಿದ್ದೇನೆ.