ಕೊಡೈಕೆನಾಲ್ ಕೆರೆಯ ಸುತ್ತ ಒಂದು ನಿಧಾನದ ಓಟ

ಭಾನುವಾರ ಬೆಂಗಳೂರಿನಲ್ಲಿ 21.1 ಕಿ.ಮೀ. ಓಡಿ, ಸೋಮವಾರ ಮನೆಯವರೊಂದಿಗೆ ಕಾರು ಹತ್ತಿ, ಸೇಲಂ, ಕರೂರು, ದಿಂಡಿಗಲ್ ಮಾರ್ಗವಾಗಿ ಕೊಡೈಕೆನಾಲ್ ತಲುಪುವ ಹೊತ್ತಿಗೆ ನನ್ನ ತೊಡೆಗಳು ಕೊರಡಿನಂತಾಗಿದ್ದವು. ಓಟದ ಮರುದಿನವೇ ಇಷ್ಟು ದೂರ ಕುಳಿತು ಪ್ರಯಾಣ ಮಾಡುವುದು ಜಾಣತನವಲ್ಲ. ಹೋಗಲೇಬೇಕಾದವರು ಎರಡು ಗಂಟೆಗೊಮ್ಮೆ ಇಳಿದು ಸ್ವಲ್ಪ ಅಡ್ಡಾಡಬೇಕು. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ ತಿಂಗಳಿನಿಂದ ಇಲ್ಲಿಗೆ ಬರುವ ಪ್ರವಾಸಿ ವಾಹನಗಳಿಗೆ ಇ-ಪಾಸ್ ವ್ಯವಸ್ಥೆ ಬಂದಿರುವುದರಿಂದ ಅದನ್ನು ಹೊರಡುವ ಮುನ್ನವೇ ಆನ್‌ಲೈನ್‌ನಲ್ಲಿ ಪಡೆದಿಟ್ಟುಕೊಳ್ಳುವುದು ಒಳ್ಳೆಯದು.

ರಿಕವರಿ ರನ್ ಎಂದರೆ ದಣಿದ ಕಾಲಿಗೆ ಹೊಸ ದಣಿವು ಕೊಡದೆ ರಕ್ತಸಂಚಾರವನ್ನಷ್ಟೇ ಹೆಚ್ಚಿಸುವ ಓಟ. ಗುಡ್ಡದ ಊರುಗಳಲ್ಲಿ ಅದಕ್ಕೆ ತಕ್ಕ ಸಮತಟ್ಟಾದ ರಸ್ತೆ ಸಿಗುವುದು ಅಪರೂಪ. ಕೊಡೈಕೆನಾಲ್‌ನಲ್ಲಿ ಆ ಕೊರತೆಯನ್ನು 1863ರಲ್ಲಿ ಲೆವಿಂಜ್ ಎಂಬ ಅಧಿಕಾರಿ ಕಟ್ಟಿಸಿದ ಕೆರೆ ನೀಗಿಸುತ್ತದೆ. ಅದರ ಸುತ್ತಲಿನ ರಸ್ತೆ ಸುಮಾರು 5 ಕಿ.ಮೀ. ಇದ್ದು, ಹೇಳಿಕೊಳ್ಳುವಂಥ ಏರಿಳಿತವಿಲ್ಲ. ಕೆರೆ ನಕ್ಷತ್ರದಂತೆ ಕವಲೊಡೆದಿರುವುದರಿಂದ ಆಚೆ ದಡದ ದೋಣಿಮನೆ ಕೂಗಳತೆಯಲ್ಲಿದೆ ಎನಿಸಿದರೂ, ರಸ್ತೆ ಮತ್ತೊಂದು ಕವಲನ್ನು ಬಳಸಿಕೊಂಡು ಹೋಗಿ ನಮ್ಮನ್ನು ಅದರಿಂದ ದೂರ ಒಯ್ಯುತ್ತದೆ. ಮುಗಿಯಿತೆಂದುಕೊಂಡು ಕೊನೆಯಲ್ಲಿ ವೇಗ ಹೆಚ್ಚಿಸುವ ಚಟವಿರುವವರು ಇದನ್ನು ನೆನಪಿಡಬೇಕು.

ಊರು ಸಮುದ್ರಮಟ್ಟದಿಂದ 2,000 ಮೀಟರಿಗೂ ಎತ್ತರದಲ್ಲಿದೆ. ಬೆಂಗಳೂರಿನಲ್ಲಿ ಹಾಯಾಗಿ ಓಡುವ ವೇಗಕ್ಕೇ ಇಲ್ಲಿ ನನ್ನ ಎದೆಬಡಿತ ಏರಿತು. ಆದ್ದರಿಂದ ಕೈಗಡಿಯಾರವನ್ನು ತೋಳಿನೊಳಗೆ ಸರಿಸಿ, ಪೂರ್ತಿ ವಾಕ್ಯವನ್ನು ಏದುಸಿರಿಲ್ಲದೆ ಆಡಲು ಆಗುವಷ್ಟು ವೇಗದಲ್ಲಿ ಸಾಗಿದೆ. ನೀರಿನ ಮೇಲೆ ಮಂಜು ಹೊಗೆಯಂತೆ ಹರಿದಾಡುತ್ತಿತ್ತು. ಬಾಡಿಗೆ ಸೈಕಲ್‌ಗಳು ಇನ್ನೂ ಸರಪಳಿಯಲ್ಲಿದ್ದವು. ಸವಾರಿಯ ಕುದುರೆಗಳು ಹಿಂದಿನ ದಿನ ಬಿಟ್ಟುಹೋದ ಲದ್ದಿ ಇಬ್ಬನಿಯಲ್ಲಿ ನೆನೆದು ಜಾರುವಂತಿದ್ದುದರಿಂದ, ನೋಟ ಎಷ್ಟೇ ಚೆಂದವಿದ್ದರೂ ಕಣ್ಣು ಆಗಾಗ ನೆಲಕ್ಕಿಳಿಯಲೇಬೇಕಾಯಿತು.

ನಾನು ಮಾಡಿದ ತಪ್ಪು ಅಲ್ಲಿಂದ ಮುಂದಿನದು. ಒಂದು ಸುತ್ತು ಮುಗಿದ ಹುಮ್ಮಸ್ಸಿನಲ್ಲಿ, ಕಣಿವೆ ನೋಡಿಬರೋಣವೆಂದು ಕೋಕರ್ಸ್ ವಾಕ್ ಕಡೆಯ ಏರು ಹಿಡಿದೆ. ಏರುವಾಗ ಏನೂ ಅನಿಸಲಿಲ್ಲ. ಇಳಿಯುವಾಗ ಮಾತ್ರ ಪ್ರತಿ ಹೆಜ್ಜೆಗೂ ತೊಡೆ ಹಿಡಿದುಕೊಂಡಿತು. ಇಳಿಜಾರಿನಲ್ಲಿ ಸ್ನಾಯು ಎಳೆದುಕೊಳ್ಳುತ್ತಲೇ ದೇಹದ ಭಾರ ತಡೆಯಬೇಕಾಗುವುದರಿಂದ, ಮೊದಲೇ ನೊಂದ ಕಾಲಿಗೆ ಅದೇ ಹೆಚ್ಚು ಪೆಟ್ಟು. ಆ ಜಾಗವನ್ನು ಮಧ್ಯಾಹ್ನ ಮಕ್ಕಳೊಂದಿಗೆ ನಡೆದೇ ನೋಡಬಹುದಿತ್ತು.

ಕಾಟಿಗಳು ಊರೊಳಗೇ ಸುತ್ತಾಡುವ ಕಾರಣ ಬೆಳಕು ಹರಿಯುವ ಮೊದಲು ಹೊರಡಬಾರದು. ಎದುರಾದರೆ ನಿಂತು, ದೂರದಿಂದಲೇ ಹಿಂದೆ ಸರಿಯಬೇಕು. ಅಕ್ಟೋಬರ್, ನವೆಂಬರ್ ಇಲ್ಲಿ ಹಿಂಗಾರು ಮಳೆಯ ಕಾಲವಾದ್ದರಿಂದ ಒಂದು ಜೊತೆ ಕಾಲುಚೀಲ ಹೆಚ್ಚಿಗೆ ಇರಲಿ. ಬೆವರು ಆರುವ ಮೊದಲೇ ಸ್ವೆಟರ್ ಹಾಕಿಕೊಳ್ಳಬೇಕು. ನಾನು ಅದನ್ನು ಕಾರಿನಲ್ಲೇ ಬಿಟ್ಟಿದ್ದೆ. ಕೆರೆದಂಡೆಯ ಚಹಾದಂಗಡಿಯಲ್ಲಿ ಎರಡು ಲೋಟ ಚಹಾ ಕುಡಿದರೂ ಕೈನಡುಕ ನಿಲ್ಲಲಿಲ್ಲ.